ಸಂಜೆಯ ಗಂಟೆಯೂ ಹೊಲದ ದುಡಿಮೆಯೂ
(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಉಪನ್ಯಾಸ ಮಾಲೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವೆಂಬುದು ಹಿಂದಿರುಗಿ ನೋಡುವ ಕಾಲ. ಹಿಂದಿರುಗಿ ನೋಡುವಾಗ ನಮ್ಮ ಕಣ್ಣಿಗೆ ಒಂದು ದುರ್ಬಲತೆಯುಂಟು. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದು ಬೆಟ್ಟಕ್ಕೆ ಮಾತ್ರವಲ್ಲ, ಕಾಲಕ್ಕೂ ಸಲ್ಲುತ್ತದೆ. ಅಂದಿನ ಜನ ಎಷ್ಟು ಸರಳರು, ಎಷ್ಟು ಭಕ್ತರು, ಇದ್ದುದರಲ್ಲಿಯೇ ಎಷ್ಟು ತೃಪ್ತರು ಎಂದು ಈ ವರ್ಷವೆಲ್ಲ ವೇದಿಕೆಯ ಮೇಲೆ ಕೇಳುತ್ತಲೇ ಇದ್ದೇವೆ. ಅದರಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದೇ ಪೂರ್ಣ ಸತ್ಯವೇ ಎಂಬುದನ್ನು ವಿಚಾರಿಸಬೇಕಾಗಿದೆ. ಈ ವಿಚಾರಕ್ಕೆ ನೆರವಾಗಲೆಂದು ಇಂದು ನಾವು ಒಂದು ಚಿತ್ರವನ್ನು ಕುರಿತು ಮಾತನಾಡಲು ಬಯಸುತ್ತೇವೆ. ಅದು ಈ ನಾಡಿನ ಚಿತ್ರವಲ್ಲ. ೧೯ನೆಯ ಶತಮಾನದ ಫ್ರಾನ್ಸ್ ದೇಶದ್ದು. ಆದರೂ ಅದರ ಅಚ್ಚು ಪ್ರತಿಗಳು ಜಗತ್ತಿನ ಕಥೋಲಿಕ ಮನೆಗಳಲ್ಲಿ, ಕಾನ್ವೆಂಟುಗಳಲ್ಲಿ, ಶಾಲೆಗಳಲ್ಲಿ ತೂಗುತ್ತ ಬಂದಿವೆ. ನಿಮ್ಮಲ್ಲಿ ಹಲವರು ಅದನ್ನು ಕಂಡಿರಬಹುದು. ಚಿತ್ರಕಾರನ ಹೆಸರನ್ನು ಮಾತ್ರ ಕೇಳಿರಲಿಕ್ಕಿಲ್ಲ.

ಆ ಚಿತ್ರದ ಹೆಸರು ‘ಆಂಜೆಲುಸ್’. ದೇವದೂತನು ಕನ್ಯಾಮರಿಯಮ್ಮನವರಿಗೆ ಶುಭವಾರ್ತೆಯನ್ನು ತಿಳಿಸಿದ್ದನ್ನು ನೆನೆದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾವು ಜಪಿಸುವ ತ್ರಿಕಾಲ ಪ್ರಾರ್ಥನೆಯ ಲತೀನ್ ಮೂಲದ ಮೊದಲ ಪದವೇ ಅದು. ಬರೆದವನು ಜಾಂ ಫ್ರಾಂಸ್ವಾ ಮಿಲೆ; ಬರೆದ ಕಾಲ ೧೮೫೭ರಿಂದ ೧೮೫೯. ಈಗ ಅದು ಪ್ಯಾರಿಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಲೋಕಪ್ರಸಿದ್ಧವಾದ ಈ ಚಿತ್ರದ ಎತ್ತರ ಸುಮಾರು ೫೫ ಸೆಂಟಿಮೀಟರು, ಅಗಲ ೬೬ ಸೆಂಟಿಮೀಟರು ಮಾತ್ರ. ನಮ್ಮ ಮನೆಯ ಗೋಡೆಯಲ್ಲಿರುವ ಸಣ್ಣ ಕಿಟಕಿಯಷ್ಟು ಎನ್ನಬಹುದು.

ಚಿತ್ರದಲ್ಲಿರುವುದಾದರೂ ಏನು? ಬಯಲು ಹೊಲ. ಹೊತ್ತು ಇಳಿದಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು ಎದುರುಬದುರಾಗಿ ನಿಂತಿದ್ದಾರೆ. ಗಂಡಸು ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಹೆಂಗಸು ತಲೆ ಬಾಗಿಸಿ ಕೈಗಳನ್ನು ಎದೆಗೆ ಸೇರಿಸಿದ್ದಾಳೆ. ಮಣ್ಣಿಗೆ ಚುಚ್ಚಿದ ಕವೆಗೋಲು, ಕಾಲ ಬಳಿ ಆಲೂಗಡ್ಡೆಯ ಬುಟ್ಟಿ, ಹಿಂದೆ ಮೂಟೆ ಹೇರಿದ ಒಂಟಿಚಕ್ರದ ಕೈಗಾಡಿ. ದಿಗಂತದಲ್ಲಿ ಕಂಡೂ ಕಾಣದಂತಿರುವ ಒಂದು ದೇವಾಲಯದ ಗೋಪುರ. ಅದು ಶಾಯಿ ಎಂಬ ಗ್ರಾಮದ್ದೆಂದು ಗುರುತಿಸಲಾಗಿದೆ. ಚಿತ್ರದಲ್ಲಿ ಗಂಟೆ ಕಾಣುವುದಿಲ್ಲ. ಆದರೆ ಆ ಇಬ್ಬರ ನಿಲುವನ್ನು ನೋಡಿದವನಿಗೆ ಗಂಟೆಯ ನಾದ ಕೇಳದೆ ಇರದು. ಇಷ್ಟೇ ಚಿತ್ರ. ಇದರಲ್ಲಿ ದೇವದೂತನಿಲ್ಲ, ಪ್ರಭಾವಳಿಯಿಲ್ಲ, ಸಂತರಿಲ್ಲ. ಆಲೂಗಡ್ಡೆಯನ್ನು ಅಗೆಯುತ್ತಿದ್ದ ಇಬ್ಬರು ಬಡವರು ಕೆಲಸ ನಿಲ್ಲಿಸಿದ್ದಾರೆ, ಅಷ್ಟೆ.

ಇದನ್ನು ಬರೆದವನ ಹಿನ್ನೆಲೆಯನ್ನು ಸ್ವಲ್ಪ ತಿಳಿಯೋಣ. ಮಿಲೆ ೧೮೧೪ರ ಅಕ್ಟೋಬರ್ ೪ರಂದು ನಾರ್ಮಂಡಿ ಪ್ರಾಂತದ ಕಡಲತೀರದ ಗ್ರೂಶಿ ಎಂಬ ಕುಗ್ರಾಮದಲ್ಲಿ, ಉಳುವವರ ಮನೆಯಲ್ಲಿ ಜನಿಸಿದನು. ಅದು ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ. ಆ ಸಂತರ ಹೆಸರನ್ನೇ ಮಗುವಿಗೆ ಇಡಲಾಯಿತು. ತಂದೆ ಗ್ರಾಮದ ದೇವಾಲಯದಲ್ಲಿ ಗಾಯನವೃಂದವನ್ನು ನಡೆಸುತ್ತಿದ್ದವನು. ಅಜ್ಜಿ ಮಹಾ ದೈವಭಕ್ತೆ. ಮನೆಯಲ್ಲಿ ಒಬ್ಬ ಚಿಕ್ಕಜ್ಜನಿದ್ದರು, ಅವರು ಗುರುಗಳು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸರ್ಕಾರವು ಯಾಜಕರಿಂದ ಬಲವಂತವಾಗಿ ಪಡೆಯುತ್ತಿದ್ದ ಪ್ರಮಾಣವಚನವನ್ನು ನಿರಾಕರಿಸಿ, ತಲೆಮರೆಸಿಕೊಂಡು ಬದುಕಿ, ಬಳಿಕ ಸ್ವಂತ ಮನೆಯ ಹೊಲದಲ್ಲಿ ದುಡಿಯುತ್ತ ಊರ ಮಕ್ಕಳಿಗೆ ಅಕ್ಷರ ಕಲಿಸಿದವರು. ಊರಿನ ಗುರುಗಳೇ ಬಾಲಕನಿಗೆ ಲತೀನ್ ಭಾಷೆಯನ್ನು ಹೇಳಿಕೊಟ್ಟರು. ಶ್ರೀಗ್ರಂಥವೂ ವರ್ಜಿಲ್ ಮಹಾಕವಿಯ ಕಾವ್ಯವೂ ಅವನಿಗೆ ಜೀವನಪರ್ಯಂತ ಜೊತೆಯಾದವು. ಹೀಗೆ ಉತ್ತ ಕೈಗೂ ಓದಿದ ಕಣ್ಣಿಗೂ ಅವನಲ್ಲಿ ಮಿಲನವಾಯಿತು. ಇಪ್ಪತ್ತು ವರ್ಷದವರೆಗೆ ಅವನು ಉತ್ತನು, ಬಿತ್ತನು, ಕೊಯ್ದನು. ೧೮೩೭ರಲ್ಲಿ ಶೆರ್ಬೂರ್ ನಗರಸಭೆಯ ಧನಸಹಾಯದಿಂದ ಚಿತ್ರಕಲೆಯನ್ನು ಕಲಿಯಲು ಪ್ಯಾರಿಸಿಗೆ ಹೋದನು.

ಮುಂದಿನ ಜೀವನ ಸುಲಭವಾಗಿರಲಿಲ್ಲ. ಮೊದಲ ಪತ್ನಿ ಕ್ಷಯರೋಗದಿಂದ ೧೮೪೪ರಲ್ಲಿ ತೀರಿಕೊಂಡಳು. ೧೮೪೯ರಲ್ಲಿ, ಪ್ಯಾರಿಸಿನಲ್ಲಿ ಕಾಲರಾ ಹರಡಿದ್ದಾಗ, ಅವನು ಕ್ಯಾಥರಿನ್ ಎಂಬಾಕೆಯೊಂದಿಗೆ, ಮಕ್ಕಳೊಂದಿಗೆ, ಫೊಂತೆನ್‌ಬ್ಲೊ ಅರಣ್ಯದ ಅಂಚಿನ ಬಾರ್ಬಿಜೋಂ ಎಂಬ ಹಳ್ಳಿಗೆ ಬಂದು ನೆಲೆಸಿದನು. ಒಂಬತ್ತು ಮಕ್ಕಳ ಸಂಸಾರ, ಸಾಲ ತಪ್ಪಲಿಲ್ಲ. ಅಜ್ಜಿ ೧೮೫೧ರಲ್ಲಿಯೂ ತಾಯಿ ೧೮೫೩ರಲ್ಲಿಯೂ ತೀರಿಕೊಂಡಾಗ ಅವರ ಅಂತ್ಯಕಾಲದಲ್ಲಿ ಬಳಿಯಿರುವ ಭಾಗ್ಯ ಅವನಿಗೆ ದೊರೆಯಲಿಲ್ಲ. ಕ್ಯಾಥರಿನಳೊಂದಿಗೆ ಸರ್ಕಾರಿ ವಿವಾಹ ನಡೆದದ್ದು ೧೮೫೩ರಲ್ಲಿ. ಧರ್ಮಸಭೆಯ ವಿಧಿಯಂತೆ ವಿವಾಹವಾದದ್ದು ೧೮೭೫ರ ಜನವರಿಯಲ್ಲಿ, ಅವನ ಮರಣಕ್ಕೆ ಕೆಲವೇ ದಿನಗಳ ಮುಂಚೆ. ಅದೇ ತಿಂಗಳ ೨೦ರಂದು ಅವನು ತೀರಿಕೊಂಡನು. ಇದನ್ನು ಹೇಳುವುದು ನಿಂದೆಗಾಗಿ ಅಲ್ಲ. ಭಕ್ತಿಪೂರ್ಣ ಚಿತ್ರವನ್ನು ಕಂಡ ಜನರು ಚಿತ್ರಕಾರನನ್ನೇ ಅರೆಸಂತನನ್ನಾಗಿ ಮಾಡಿಬಿಟ್ಟರು. ಅವನ ಗೆಳೆಯ ಸಾಂಸಿಯೇ ಬರೆದು ೧೮೮೧ರಲ್ಲಿ ಪ್ರಕಟವಾದ ಜೀವನಚರಿತ್ರೆ ಈ ಭಾವನೆಗೆ ಪುಷ್ಟಿ ನೀಡಿತು. ಮಿಲೆ ಸಂತನಾಗಿರಲಿಲ್ಲ, ದುಡಿಯುವವರನ್ನು ಬಲ್ಲ, ಬಡತನವನ್ನು ಉಂಡ, ಅಜ್ಜಿಯ ಪ್ರಾರ್ಥನೆಯನ್ನು ಮರೆಯದ ಮನುಷ್ಯನಾಗಿದ್ದನು. ದೇವರ ಕಾರ್ಯಕ್ಕೆ ಇಷ್ಟು ಸಾಕು.

ಅಜ್ಜಿಯ ಮಾತನ್ನು ನಾವು ಸುಮ್ಮನೆ ಎತ್ತಲಿಲ್ಲ. ೧೮೬೫ರಲ್ಲಿ ಬರೆದ ಒಂದು ಪತ್ರದಲ್ಲಿ ಈ ಚಿತ್ರದ ಮೂಲವನ್ನು ಮಿಲೆ ತಾನೇ ತಿಳಿಸಿದ್ದಾನೆ. ಹಿಂದೆ ಹೊಲದಲ್ಲಿ ದುಡಿಯುವಾಗ ಗಂಟೆಯ ಸದ್ದು ಕೇಳಿದೊಡನೆ ಅಜ್ಜಿ ಎಲ್ಲರ ಕೆಲಸವನ್ನೂ ನಿಲ್ಲಿಸಿ, ತೀರಿಹೋದ ಬಡಜೀವಗಳಿಗಾಗಿ ಪ್ರಾರ್ಥಿಸುವಂತೆ ಮಾಡುತ್ತಿದ್ದಳಂತೆ. ಅದನ್ನು ನೆನೆದೇ ಈ ಚಿತ್ರವನ್ನು ಬರೆದನಂತೆ. ಪ್ರಿಯರೇ, ಇಲ್ಲಿ ಗಮನಿಸಿರಿ. ಸಂಜೆಯ ಸೊಬಗನ್ನು ಕಂಡು ಮೈಮರೆತವರ ಪ್ರಾರ್ಥನೆ ಇದಲ್ಲ. ಇದೇ ಮಣ್ಣಿನಲ್ಲಿ ದುಡಿದು, ಇದೇ ಮಣ್ಣಿಗೆ ಸೇರಿದವರನ್ನು ನೆನೆಯುವ ಪ್ರಾರ್ಥನೆ. ಹೆಸರಿಲ್ಲದ ಸತ್ತವರಿಗಾಗಿ ಹೆಸರಿಲ್ಲದ ಜೀವಂತರು ಸಲ್ಲಿಸುವ ಪ್ರಾರ್ಥನೆ.

ಲೋಕವು ಈ ಚಿತ್ರವನ್ನು ಏನು ಮಾಡಿತು? ಇದನ್ನು ಬರೆಸಿದವನು ಅಮೆರಿಕದ ಬಾಸ್ಟನ್ ನಗರದ ಆ್ಯಪಲ್ಟನ್ ಎಂಬ ಸಿರಿವಂತ. ಆದರೆ ಅವನು ಚಿತ್ರವನ್ನು ಕೊಂಡೊಯ್ಯಲು ಬರಲೇ ಇಲ್ಲ. ಮಿಲೆ ಅದನ್ನು ಅಲ್ಪ ಬೆಲೆಗೆ ಮಾರಿದನು. ಕೈಯಿಂದ ಕೈಗೆ ಹೋಗುತ್ತ ಅದರ ಬೆಲೆ ಏರುತ್ತ ಬಂದಿತು. ೧೮೮೯ರಲ್ಲಿ ಪ್ಯಾರಿಸಿನಲ್ಲಿ ನಡೆದ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ೫,೫೩,೦೦೦ ಫ್ರಾಂಕ್. ಫ್ರೆಂಚ್ ರಾಷ್ಟ್ರದ ಪರವಾಗಿ ಕೂಗಿದ ಬೆಲೆ ಅದು. ಸಂಸತ್ತು ಹಣ ಮಂಜೂರು ಮಾಡದ ಕಾರಣ ಚಿತ್ರವು ಅಮೆರಿಕದ ವ್ಯಾಪಾರಿಗಳ ಪಾಲಾಯಿತು. ಅಲ್ಲಿ ನಗರದಿಂದ ನಗರಕ್ಕೆ ಅದರ ಪ್ರದರ್ಶನ ನಡೆಯಿತು. ೧೮೯೦ರಲ್ಲಿ ಶೋಶಾರ್ ಎಂಬ ಪ್ಯಾರಿಸಿನ ಭಾರೀ ಅಂಗಡಿಯ ಒಡೆಯನು ಇನ್ನೂ ಹೆಚ್ಚು ಹಣ ತೆತ್ತು ಅದನ್ನು ಫ್ರಾನ್ಸಿಗೆ ಮರಳಿ ತಂದನು; ಅವನ ಮರಣಾನಂತರ ಅದು ರಾಷ್ಟ್ರದ ಸ್ವತ್ತಾಯಿತು. ಹರಾಜಿನ ಆ ದಿನ ಮಿಲೆಯ ವಿಧವೆ ಬದುಕಿದ್ದಳು. ಚಿತ್ರದ ಏರಿದ ಬೆಲೆಯಲ್ಲಿ ಅವಳಿಗಾಗಲಿ ಮಕ್ಕಳಿಗಾಗಲಿ ಕಾನೂನಿನಂತೆ ಒಂದು ಫ್ರಾಂಕ್ ಸಹ ಸಲ್ಲುತ್ತಿರಲಿಲ್ಲ. ಇಂತಹ ಅನ್ಯಾಯವನ್ನು ಕಂಡೇ ಫ್ರಾನ್ಸ್ ದೇಶವು ೧೯೨೦ರಲ್ಲಿ, ಕಲಾಕೃತಿ ಮರುಮಾರಾಟವಾದಾಗ ಕಲಾವಿದನಿಗೂ ಅವನ ವಾರಸುದಾರರಿಗೂ ಪಾಲು ದೊರೆಯುವ ಶಾಸನವನ್ನು ಮಾಡಿತು. ಆ ಚರ್ಚೆಯಲ್ಲಿ ಈ ಚಿತ್ರದ ಕಥೆಯೇ ಎಲ್ಲರ ಬಾಯಲ್ಲಿತ್ತು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆದರೆ ಕೆಸರಾಗುವ ಕೈ ಒಬ್ಬರದು, ಮೊಸರು ಸವಿಯುವ ಬಾಯಿ ಇನ್ನೊಬ್ಬರದು ಆಗುವುದನ್ನು ಲೋಕದಲ್ಲಿ ದಿನವೂ ಕಾಣುತ್ತೇವೆ. ಆಲೂಗಡ್ಡೆ ಅಗೆಯುವ ಬಡವರ ಚಿತ್ರದ ಕಥೆಯೂ ಅದೇ ಆಯಿತು.

ನಗರದ ಸಿರಿವಂತರಿಗೆ ಬಡರೈತನ ಚಿತ್ರದ ಮೇಲೆ ಅಷ್ಟೊಂದು ವ್ಯಾಮೋಹವೇಕೆ? ಇದಕ್ಕೆ ಕಾಲದ ಸ್ಥಿತಿಯನ್ನು ನೋಡಬೇಕು. ೧೯ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಸುಮಾರು ಮುಕ್ಕಾಲು ಪಾಲು ಜನ ಗ್ರಾಮಗಳಲ್ಲಿದ್ದರು. ರೈಲುಹಾದಿಗಳು ಹಬ್ಬುತ್ತಿದ್ದವು; ಯುವಕರು ಕಾರ್ಖಾನೆಗಳನ್ನು ಅರಸಿ ಪಟ್ಟಣಗಳಿಗೆ ಹೊರಟಿದ್ದರು. ೧೮೪೮ರ ಕ್ರಾಂತಿಯ ಫಲವಾಗಿ ವಯಸ್ಕ ಪುರುಷರೆಲ್ಲರಿಗೂ ಮತದಾನದ ಹಕ್ಕು ದೊರೆಯಿತು. ಅಂದರೆ ರೈತನ ಕೈಗೆ ಬಲ ಬಂದಿತು. ಅದುವರೆಗೆ ಹೆಚ್ಚಾಗಿ ಹಾಸ್ಯಕ್ಕೆ ಚಿತ್ರಿಸಲ್ಪಡುತ್ತಿದ್ದ ರೈತನು ಈಗ ಭಯಕ್ಕೂ ಭರವಸೆಗೂ ಕಾರಣನಾದನು. ಅವನು ಸಿಟ್ಟಿಗೇಳುವನೋ, ತಾಳುವನೋ ಎಂಬ ಪ್ರಶ್ನೆ ಸಿರಿವಂತರ ಮನಸ್ಸಿನಲ್ಲಿ ಮೂಡಿತು. ಟೋಪಿ ತೆಗೆದು ತಲೆಬಾಗಿ ನಿಂತ ರೈತನ ಚಿತ್ರ ಅವರಿಗೆ ಸಮಾಧಾನ ನೀಡಿತು. ಅವನು ದೇವರಿಗೆ ತಲೆಬಾಗಿದ್ದನ್ನು ಅವರು ತಮಗೇ ತಲೆಬಾಗಿದಂತೆ ಕಂಡರು.

ಈ ಮಾತಿಗೆ ಸಾಕ್ಷಿಯಾಗಿ ೧೮೫೭ನೆಯ ವರ್ಷವನ್ನು ನೋಡೋಣ. ಆ ವರ್ಷ ಪ್ಯಾರಿಸಿನ ಸಲೋಂ ಎಂಬ ಸರ್ಕಾರಿ ಕಲಾಪ್ರದರ್ಶನದಲ್ಲಿ ಹಳ್ಳಿಯ ಜೀವನದ ಎರಡು ಚಿತ್ರಗಳಿದ್ದವು. ಒಂದು, ಜ್ಯೂಲ್ ಬ್ರೆತೋಂ ಎಂಬುವನ ‘ಆರ್ತ್ವಾ ಪ್ರಾಂತದಲ್ಲಿ ಗೋಧಿಯ ಆಶೀರ್ವಾದ’. ಮಾಗುತ್ತಿರುವ ಪೈರಿನ ನಡುವೆ ಮೆರವಣಿಗೆ ಸಾಗಿದೆ. ಮೇಲ್ಕಟ್ಟಿನ ಅಡಿಯಲ್ಲಿ ಗುರುಗಳು ಪರಮಪ್ರಸಾದವನ್ನು ಹಿಡಿದು ಬರುತ್ತಿದ್ದಾರೆ, ಜನರು ಮಂಡಿಯೂರಿದ್ದಾರೆ, ಬಿಸಿಲು ಹೊನ್ನಿನಂತಿದೆ. ಆ ಚಿತ್ರಕ್ಕೆ ಪದಕ ಬಂದಿತು. ಸರ್ಕಾರ ಅದನ್ನು ಕೊಂಡಿತು. ಇನ್ನೊಂದು, ನಮ್ಮ ಮಿಲೆಯ ‘ಹಕ್ಕಲು ಆಯುವ ಹೆಂಗಸರು’. ಕೊಯ್ಲು ಮುಗಿದ ಹೊಲದಲ್ಲಿ ಮೂವರು ಬಡ ಹೆಂಗಸರು. ಇಬ್ಬರು ಸೊಂಟ ಮುರಿದಂತೆ ಬಾಗಿ ಉದುರಿದ ತೆನೆಗಳನ್ನು ಆಯುತ್ತಿದ್ದಾರೆ. ಮೂರನೆಯವಳು ಅರ್ಧ ಬಾಗಿ ನಿಂತಿದ್ದಾಳೆ. ದೂರದಲ್ಲಿ ಬೆಟ್ಟದಂತಹ ಮೆದೆಗಳು, ತುಂಬಿದ ಬಂಡಿ, ಕೊಯ್ಲಿನ ಆಳುಗಳ ಗುಂಪು, ಕುದುರೆಯ ಮೇಲೆ ಕುಳಿತ ಮೇಲ್ವಿಚಾರಕ. ಸಮೃದ್ಧಿಯೆಲ್ಲ ದೂರದಲ್ಲಿ, ಹತ್ತಿರದಲ್ಲಿರುವುದು ಬರಿಯ ಕೂಳೆ. ಈ ಚಿತ್ರವನ್ನು ಕಂಡು ಹಲವು ವಿಮರ್ಶಕರು ಕಿಡಿಕಾರಿದರು. ಈ ಹೆಂಗಸರ ಹಿಂದೆ ಕ್ರಾಂತಿಯ ನೆರಳು ಕಂಡವರೂ ಇದ್ದರು. ಯಾರಿಗೂ ಕೇಡು ಬಯಸದೆ, ಕಾಳು ಆಯುತ್ತಿದ್ದ ಮೂವರು ಹೆಂಗಸರನ್ನು ನೋಡಿ ಇಷ್ಟು ಭಯವೇಕೆ? ಅವರು ಮಂಡಿಯೂರಿರಲಿಲ್ಲ, ಬೆನ್ನು ಬಾಗಿಸಿದ್ದರು. ಮಂಡಿಯೂರಿದವರನ್ನು ಕಂಡರೆ ಮೆಚ್ಚುಗೆ. ಬೆನ್ನು ಬಾಗಿದವರನ್ನು ಕಂಡರೆ ಕಸಿವಿಸಿ.

ಬ್ರೆತೋಂ ಸುಳ್ಳುಗಾರನೆಂದು ನಾವು ಹೇಳುತ್ತಿಲ್ಲ. ಅವನೂ ಹಳ್ಳಿಯವನೇ, ಮೆರವಣಿಗೆ ನಡೆದದ್ದೂ ನಿಜ, ಜನರ ಭಕ್ತಿಯೂ ನಿಜ. ೧೮೫೯ರಲ್ಲಿ ಅವನು ‘ಹಕ್ಕಲಾಯುವವರ ಮರುಕರೆ’ ಎಂಬ ಚಿತ್ರವನ್ನು ಬರೆದನು. ಹೊತ್ತು ಮುಳುಗುತ್ತಿದೆ, ಹೊಲದ ಕಾವಲುಗಾರನು ಬಾಯಿಗೆ ಕೈ ಹಿಡಿದು ಕೂಗುತ್ತಿದ್ದಾನೆ, ಹೆಂಗಸರು ಹೊರೆ ಹೊತ್ತು ಮರಳುತ್ತಿದ್ದಾರೆ. ಅವರ ನಡಿಗೆ ರಾಣಿಯರಂತೆ, ನಿಲುವು ಶಿಲಾಮೂರ್ತಿಗಳಂತೆ. ದಿನವಿಡೀ ಬಾಗಿದ ಬೆನ್ನಿನ ನೋವು ಅಲ್ಲಿ ಕಾಣದು. ಚಕ್ರವರ್ತಿ ಮೂರನೆಯ ನೆಪೋಲಿಯನ್ ಅದನ್ನು ಕೊಂಡದ್ದು ಆಶ್ಚರ್ಯವಲ್ಲ. ಸುಳ್ಳು ಹೇಳದೆಯೇ ಸತ್ಯವನ್ನು ಮರೆಮಾಡಬಹುದು. ನೋವನ್ನು ಬಿಟ್ಟು ಸೊಬಗನ್ನು ಮಾತ್ರ ಹೇಳಿದರೆ ಸಾಕು.

ಇದಕ್ಕೆ ವಿರುದ್ಧವಾಗಿ ಗುಸ್ತಾವ್ ಕೂರ್ಬೆ ಎಂಬವನು ೧೮೪೯ರಲ್ಲಿ ‘ಕಲ್ಲು ಒಡೆಯುವವರು’ ಎಂಬ ಚಿತ್ರವನ್ನು ಬರೆದನು. ರಸ್ತೆಯ ಬದಿಯಲ್ಲಿ ಒಬ್ಬ ಮುದುಕ, ಒಬ್ಬ ಹುಡುಗ. ಒಬ್ಬನು ಆ ಕೆಲಸಕ್ಕೆ ವಯಸ್ಸು ಮೀರಿದವನು. ಇನ್ನೊಬ್ಬನು ವಯಸ್ಸು ತುಂಬದವನು. ಇಬ್ಬರ ಮುಖವೂ ನಮಗೆ ಕಾಣದು. ಹರಿದ ಬಟ್ಟೆ ಮಾತ್ರ ಕಾಣುತ್ತದೆ. ಆ ಹುಡುಗನೇ ಮುಂದೆ ಆ ಮುದುಕನಾಗುವನೆಂದು ನೋಡಿದವರಿಗೆ ಅರಿವಾಗುತ್ತದೆ. ಜರ್ಮನಿಯಲ್ಲಿದ್ದ ಆ ಚಿತ್ರ ೧೯೪೫ರಲ್ಲಿ ಯುದ್ಧದ ಬೆಂಕಿಗೆ ಆಹುತಿಯಾಯಿತು. ಆದರೂ ಅದರ ಛಾಯಾಚಿತ್ರಗಳು ಉಳಿದು ನಮ್ಮ ಮನಸ್ಸನ್ನು ಕಲಕುತ್ತಿವೆ.

ಹಾಗಾದರೆ ಮಿಲೆಯಲ್ಲಿ ದೋಷವೇ ಇಲ್ಲವೆ? ಇದೆ. ಅವನ ಕಾಲದಲ್ಲಿಯೇ ಫ್ರಾನ್ಸಿನ ಹೊಲಗಳಿಗೆ ಒಕ್ಕುವ ಯಂತ್ರಗಳು ಬರುತ್ತಿದ್ದವು; ಅವನ ಚಿತ್ರಗಳಲ್ಲಿ ಅವು ಕಾಣವು. ಅವನು ಬಾರ್ಬಿಜೋಂನಲ್ಲಿ ಕುಳಿತು ಬರೆದದ್ದು ಬಹುಮಟ್ಟಿಗೆ ತನ್ನ ಬಾಲ್ಯದ ನಾರ್ಮಂಡಿಯನ್ನು. ನೆನಪು ತಾನಾಗಿಯೇ ಒಂದು ಬಣ್ಣವನ್ನು ಹಚ್ಚುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ೧೮೬೩ರ ಸಲೋಂನಲ್ಲಿ ಅವನು ‘ಗುದ್ದಲಿಯ ಮನುಷ್ಯ’ ಎಂಬ ಚಿತ್ರವನ್ನಿಟ್ಟನು. ಕಲ್ಲುಮುಳ್ಳಿನ ನೆಲದಲ್ಲಿ ಗುದ್ದಲಿಗೆ ಭಾರವನ್ನೂರಿ, ಬಾಯಿ ತೆರೆದು ಏದುಸಿರು ಬಿಡುತ್ತಿರುವ ಕೂಲಿಗಾರ. ಅವನನ್ನು ಮೃಗದಂತಿದ್ದಾನೆಂದು ಹಳಿದರು. ಚಿತ್ರಕಾರನನ್ನು ಸಮಾಜವಾದಿಯೆಂದು ಜರೆದರು. ತಾನು ಅಂತಹವನಲ್ಲ, ಹೊಲದ ಹೂವಿನ ಅಂದವೂ ತನಗೆ ಕಾಣುತ್ತದೆ, ಆದರೆ ಬೆನ್ನು ಮುರಿಯುವ ದುಡಿಮೆಯೂ ಕಾಣುತ್ತದೆ ಎಂಬರ್ಥದಲ್ಲಿ ಅವನು ಗೆಳೆಯನಿಗೆ ಬರೆದನು. ಆದಾಮನಿಗೆ ವಿಧಿಸಿದ ಶಾಪವೇ ಈ ದುಡಿಮೆ, ಬೆವರು ಸುರಿಸಿ ಉಣ್ಣುವುದೇ ಮನುಷ್ಯನ ಹಣೆಯ ಬರಹ ಎಂಬುದು ಅವನ ದೃಢ ನಂಬಿಕೆಯಾಗಿತ್ತು.

ಇಲ್ಲಿ ಗುರುಗಳಾದ ನಾವು ಒಂದು ಮಾತನ್ನು ಸ್ಪಷ್ಟಪಡಿಸಲೇಬೇಕು. ಧರ್ಮಸಭೆಯ ಬೋಧನೆ ಅದಲ್ಲ. ಆದಿಕಾಂಡವನ್ನು ಕ್ರಮವಾಗಿ ಓದಿರಿ. ಶಾಪದ ಮಾತು ಬರುವುದು ಮೂರನೆಯ ಅಧ್ಯಾಯದಲ್ಲಿ. ಅದಕ್ಕೂ ಮುಂಚೆ, ಎರಡನೆಯ ಅಧ್ಯಾಯದಲ್ಲಿಯೇ, ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿ ಅದನ್ನು ಉತ್ತು ಕಾಯುವ ಹೊಣೆಯನ್ನು ವಹಿಸಿದರು. ಆದುದರಿಂದ ದುಡಿಮೆ ಪಾಪದ ಫಲವಲ್ಲ. ಅದು ಸೃಷ್ಟಿಯ ವರ. ಪಾಪದಿಂದ ಬಂದದ್ದು ದುಡಿಮೆಯ ಕಠೋರತೆ, ಒಬ್ಬರ ಬೆವರನ್ನು ಇನ್ನೊಬ್ಬರು ಕಸಿಯುವ ಅನ್ಯಾಯ. ಪಾಪದಿಂದ ಬಂದದ್ದನ್ನು ಹಣೆಯ ಬರಹವೆಂದು ಪೂಜಿಸಲಾಗದು. ಕೃಪೆಯ ಬಲದಿಂದ ತಿದ್ದಬೇಕು. ೧೮೯೧ರಲ್ಲಿ ಜಗದ್ಗುರು ೧೩ನೆಯ ಲಿಯೋರವರು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ ದುಡಿಯುವವನಿಗೆ ಸಂಸಾರ ನಡೆಸಲು ಸಾಲುವಷ್ಟು ಕೂಲಿ ನ್ಯಾಯವಾಗಿ ಸಲ್ಲಬೇಕೆಂದು ಬೋಧಿಸಿದರು. ೧೯೮೧ರಲ್ಲಿ ಸಂತ ಎರಡನೆಯ ಜಾನ್ ಪಾಲರವರು ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರದಲ್ಲಿ ದುಡಿಮೆ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂದು ಸಾರಿದರು. ಬಡವನ ತಾಳ್ಮೆಯನ್ನು ಹೊಗಳುವುದು ಸುಲಭ. ಆ ಹೊಗಳಿಕೆ ಅವನಿಗೆ ಸಲ್ಲಬೇಕಾದುದನ್ನು ಕೊಡದೆ ಇರುವುದಕ್ಕೆ ನೆಪವಾದರೆ ಅದು ದೇವರ ದೃಷ್ಟಿಯಲ್ಲಿ ಪಾಪ.

ಹಕ್ಕಲು ಎಂಬ ಮಾತನ್ನು ತೆಗೆದುಕೊಳ್ಳಿರಿ. ಕನ್ನಡ ಶ್ರೀಗ್ರಂಥವನ್ನು ಓದುವವರಿಗೆ ರೂತಳ ಕಥೆಯಿಂದ ಇದು ಪರಿಚಿತ. ವಿಧವೆಯೂ ಪರದೇಶಿಯೂ ಆದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದಳು. ನಮ್ಮ ಚಿತ್ರಗಳಲ್ಲಿ, ನಾಟಕಗಳಲ್ಲಿ ಅದು ಸುಂದರ ಪ್ರೇಮಕಥೆ. ಆದರೆ ಆ ಕಥೆಯ ಅಡಿಪಾಯ ಒಂದು ಕಟ್ಟಳೆ. ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆಯನ್ನು ಆಯಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಯಾಜಕಕಾಂಡದ ೧೯ನೆಯ ಅಧ್ಯಾಯ ವಿಧಿಸುತ್ತದೆ. ಅಂದರೆ ಹಕ್ಕಲು ಒಡೆಯನ ದಾನವಲ್ಲ, ಬಡವನ ಹಕ್ಕು. ಫ್ರಾನ್ಸಿನಲ್ಲಿಯೂ ೧೫೫೪ರ ರಾಜಶಾಸನವೊಂದು ಕೊಯ್ಲಾದ ಹೊಲದಲ್ಲಿ ಆಯುವ ಹಕ್ಕನ್ನು ಬಡವರಿಗೆ, ಅಶಕ್ತರಿಗೆ ಉಳಿಸಿಕೊಟ್ಟಿತ್ತು. ಮಿಲೆಯ ಆ ಮೂವರು ಹೆಂಗಸರು ಭಿಕ್ಷುಕಿಯರಲ್ಲ. ತಮಗೆ ಸಲ್ಲಬೇಕಾದುದನ್ನು ಕಾಳುಕಾಳಾಗಿ ಪಡೆಯುತ್ತಿರುವವರು. ಅವರ ಬಾಗಿದ ಬೆನ್ನಿನಲ್ಲಿ ನಮಗೆ ಘನತೆ ಕಾಣುವುದಾದರೆ ಅದು ಈ ಕಾರಣದಿಂದ. ಬಡತನ ಸುಂದರವೆಂಬ ಕಾರಣದಿಂದಲ್ಲ.

ಇನ್ನೊಂದು ಚಿತ್ರವನ್ನು ಹೇಳಿ ನಮ್ಮ ವಿಷಯಕ್ಕೆ ಬರುತ್ತೇವೆ. ೧೮೮೨ರಲ್ಲಿ ಲೆಯೋಂ ಲೆರ್ಮಿತ್ ಎಂಬ ಚಿತ್ರಕಾರ ‘ಕೊಯ್ಲಿನವರಿಗೆ ಕೂಲಿ’ ಎಂಬ ದೊಡ್ಡ ಚಿತ್ರವನ್ನು ಬರೆದನು. ಕೊಯ್ಲು ಮುಗಿದಿದೆ. ದಣಿದ ಆಳು ಕುಡುಗೋಲನ್ನು ಹಿಡಿದು ಕುಳಿತಿದ್ದಾನೆ. ಹತ್ತಿರದಲ್ಲಿ ಮಗುವನ್ನೆತ್ತಿಕೊಂಡ ತಾಯಿ. ಒಬ್ಬನು ಹಣ ಎಣಿಸಿ ಕೊಡುತ್ತಿದ್ದಾನೆ. ಪ್ರಾರ್ಥಿಸುವ ರೈತನ ಚಿತ್ರವನ್ನು ಲಕ್ಷಾಂತರ ಜನ ಮನೆಯಲ್ಲಿ ತೂಗುಹಾಕಿದರು. ಕೂಲಿ ಪಡೆಯುವ ರೈತನ ಚಿತ್ರಕ್ಕೆ ಆ ಭಾಗ್ಯ ಬರಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಎರಡು ಚಿತ್ರಗಳೂ ಒಂದೇ ಗೋಡೆಯ ಮೇಲೆ ಇರಬೇಕಾದವು. ಕೂಲಿಗಾರನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ ೨೪ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಹೊತ್ತು ಮುಳುಗುವ ವೇಳೆಯೆಂದರೆ ಯಾವುದು? ಸಂಜೆಯ ಗಂಟೆ ಬಾರಿಸುವ ವೇಳೆಯೇ. ಆ ಗಂಟೆ ದುಡಿಯುವವನಿಗೆ ಪ್ರಾರ್ಥನೆಯ ಕರೆ; ದುಡಿಸಿಕೊಂಡವನಿಗೆ ಲೆಕ್ಕ ತೀರಿಸುವ ಕರೆ. ಎರಡನೆಯದಕ್ಕೆ ಕಿವುಡಾದವನು ಮೊದಲನೆಯದಕ್ಕೆ ತಲೆಬಾಗಿದರೆ ಫಲವೇನು?

ಪ್ರಿಯ ಭಕ್ತಾದಿಗಳೇ, ನಮ್ಮ ಸೀಮೆಗೂ ಆ ಫ್ರಾನ್ಸಿಗೂ ನಂಟಿಲ್ಲದೆ ಇಲ್ಲ. ೧೯ನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಶುಭಸಂದೇಶವನ್ನು ಸಾರಿದ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಮಿಲೆಯ ನಾಡಿನವರೇ. ಅವರಲ್ಲಿ ಹಲವರು ಹಳ್ಳಿಯ ಮನೆತನಗಳಿಂದ ಬಂದವರು. ತಮ್ಮೂರ ಹೊಲದಲ್ಲಿ ಕೇಳಿದ ಗಂಟೆಯ ನೆನಪನ್ನು ಹೊತ್ತು ಕಡಲು ದಾಟಿದವರು. ನಾವಿಂದು ತ್ರಿಕಾಲ ಪ್ರಾರ್ಥನೆಯ ಗಂಟೆಯನ್ನು ಕೇಳುವಾಗ ಆ ಪರಂಪರೆಯ ಒಂದು ಎಳೆ ನಮ್ಮನ್ನೂ ಮುಟ್ಟುತ್ತದೆ.

ಈ ಸಂಚಿಕೆಯ ಪುಟಗಳಲ್ಲಿ ಧರ್ಮಾಧ್ಯಕ್ಷರ, ಗುರುಗಳ, ದಾನಿಗಳ ಚಿತ್ರಗಳಿವೆ, ಅವು ಇರಲೇಬೇಕು. ಆದರೆ ಈ ದೇವಾಲಯಕ್ಕೆ ಕಲ್ಲು ಹೊತ್ತವರ ಚಿತ್ರಗಳಿಲ್ಲ. ಗಾರೆ ಅರೆದ ಹೆಂಗಸರ ಹೆಸರುಗಳಿಲ್ಲ. ಅವರನ್ನು ನೆನೆಯುವಾಗ ನಾವು ಬ್ರೆತೋಂನ ಕುಂಚವನ್ನು ಹಿಡಿಯದಿರೋಣ. ಅವರು ಹಾಡುತ್ತ ಕಲ್ಲು ಹೊತ್ತರು, ಹಸಿವನ್ನು ಮರೆತು ಸಂತೋಷದಿಂದ ದುಡಿದರು ಎಂದು ಬರೆದು ಮುಗಿಸದಿರೋಣ. ಹಸಿವು ಹಸಿವೇ, ಬಿಸಿಲು ಬಿಸಿಲೇ. ಹಸಿದೂ ಪ್ರಾರ್ಥಿಸಿದರು ಎಂಬುದೇ ಅವರ ವಿಶ್ವಾಸದ ಹಿರಿಮೆ. ಅವರ ಹಸಿವನ್ನು ಮರೆತರೆ ಹಿರಿಮೆಯನ್ನೂ ಮರೆತಂತೆ.

ಹಾಗೆಯೇ ಇಂದು ನಮ್ಮ ತೋಟಗಳಲ್ಲಿ, ಗದ್ದೆಗಳಲ್ಲಿ, ಕಟ್ಟಡಗಳ ಕೆಲಸದಲ್ಲಿ ದುಡಿಯುವವರನ್ನು ನೋಡೋಣ. ಅವರಲ್ಲಿ ಎಷ್ಟೋ ಜನ ದೂರದ ಊರುಗಳಿಂದ ಬಂದವರು, ರೂತಳಂತೆ ಪರದೇಶಿಗಳು. ಶತಮಾನೋತ್ಸವದ ಸ್ಮಾರಕವಾಗಿ ಏನು ಮಾಡಬೇಕೆಂದು ಹಲವರು ನಮ್ಮನ್ನು ಕೇಳಿದ್ದೀರಿ. ಕಲ್ಲಿನ ಸ್ಮಾರಕವನ್ನು ಬೇಡವೆನ್ನೆವು. ಆದರೆ ಪ್ರತಿಯೊಂದು ಮನೆಯೂ ಒಂದು ವ್ರತವನ್ನು ತೊಡಲಿ: ನಮ್ಮ ಮನೆಯಲ್ಲಿ ದುಡಿದವರ ಕೂಲಿ ನ್ಯಾಯವಾಗಿರುತ್ತದೆ, ಸಂಜೆಯ ಗಂಟೆ ಬಾರಿಸುವ ಮೊದಲೇ ಅವರ ಕೈ ಸೇರುತ್ತದೆ, ನಮ್ಮ ಬೆಳೆಯ ಅಂಚು ಹಸಿದವರಿಗೆ ಉಳಿಯುತ್ತದೆ ಎಂದು. ಇದು ನಡೆದರೆ ಮುಂದಿನ ನೂರು ವರ್ಷಕ್ಕೆ ಇದಕ್ಕಿಂತ ದೊಡ್ಡ ಅಡಿಪಾಯ ಬೇಕಿಲ್ಲ.

ಕೊನೆಯದಾಗಿ ಒಂದು ವಿನಂತಿ. ಇಂದು ಸಂಜೆ ಗಂಟೆ ಬಾರಿಸಿದಾಗ, ಇದ್ದಲ್ಲಿಯೇ ಒಂದು ಕ್ಷಣ ಎದ್ದು ನಿಲ್ಲಿರಿ. ವಾಕ್ಯವು ನರಾವತಾರವಾಗಿ ನಮ್ಮ ನಡುವೆ ನೆಲೆಸಿದ್ದನ್ನು, ಬಡಗಿಯ ಮನೆಯಲ್ಲಿ ಬೆಳೆದು ಕೈದುಡಿಮೆಯನ್ನು ಪಾವನಗೊಳಿಸಿದ್ದನ್ನು ನೆನೆಯಿರಿ. ಬಳಿಕ ಆ ನಾರ್ಮಂಡಿಯ ಅಜ್ಜಿಯಂತೆ, ಈ ಮಣ್ಣಿನಲ್ಲಿ ದುಡಿದು ಈ ಮಣ್ಣಿಗೆ ಸೇರಿದ, ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದ ನಮ್ಮ ಹಿರಿಯರ ಆತ್ಮಗಳಿಗಾಗಿ ಒಂದು ಪ್ರಾರ್ಥನೆಯನ್ನು ಸಲ್ಲಿಸಿರಿ. ಅವರ ಹೆಸರುಗಳು ದೇವರ ಪುಸ್ತಕದಲ್ಲಿವೆ. ಪ್ರಭು ಅವರಿಗೆ ನಿತ್ಯ ವಿಶ್ರಾಂತಿಯನ್ನೂ ನಮಗೆ ನ್ಯಾಯದಿಂದ ನಡೆಯುವ ಬಲವನ್ನೂ ಕರುಣಿಸಲಿ. ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ. ಆಮೆನ್.